ಚಹಾದ ಕಪ್ಪಿನಲ್ಲಿ ಗಣಿತ ಕಂಡ ಫಿಶರ್

ನನ್ನ ಕಣ್ಣು ಮಂದ. ಮುಂದಿನ ಬೆಂಚಲ್ಲಿ ಕೂತರೂ ಬೋರ್ಡು ಮಸುಕು. ಅದಕ್ಕೇ ಗಣಿತದ ಮೇಷ್ಟ್ರು ಹೇಳಿದ ರೊನಾಲ್ಡ್ ಫಿಶರ್ ಅವರ ಕಥೆ ನನಗೆ ಹಿಡಿಸಿತು.

ಇವರು 1890ರ ಫೆಬ್ರವರಿ 17ರಂದು ಲಂಡನ್ನಿನಲ್ಲಿ ಜನಿಸಿದರು. ದೃಷ್ಟಿ ತೀರಾ ಕಡಿಮೆ. ಹಾಗಾಗಿ ಕಾಗದ ಪೆನ್ಸಿಲ್ಲು ಇಲ್ಲದೆ ಬಾಯಿಮಾತಲ್ಲೇ ಗಣಿತ ಕಲಿತರು. ಆಕೃತಿಗಳನ್ನೆಲ್ಲ ತಲೆಯೊಳಗೇ ಬರೆದುಕೊಳ್ಳುತ್ತಿದ್ದರಂತೆ! ಮೊದಲ ಮಹಾಯುದ್ಧದಲ್ಲಿ ಸೈನ್ಯ ಸೇರಹೋದರೆ ಕಣ್ಣಿನ ದೆಸೆಯಿಂದ ಬೇಡ ಅಂದರು. ಕೆಲವು ವರ್ಷ ಶಾಲಾ ಮೇಷ್ಟ್ರಾಗಿದ್ದು, 1919ರಲ್ಲಿ ರೋಥಾಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರಕ್ಕೆ ಹೋದರು.

ಅಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಕಪ್ಪಿಗೆ ಮೊದಲು ಹಾಲು ಹಾಕಿದ್ದೋ ಚಹಾ ಹಾಕಿದ್ದೋ ಕುಡಿದೇ ಹೇಳಬಲ್ಲೆ ಎಂದರಂತೆ. ಈ ಪರೀಕ್ಷೆಯನ್ನು ಫಿಶರ್ 1935ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಎಂಟು ಕಪ್ಪು, ಒಂದೊಂದು ಬಗೆಯದು ನಾಲ್ಕು, ಕಲಸಿ ಇಡಬೇಕು. ರುಚಿ ಗೊತ್ತಾಗೋದಿಲ್ಲ, ಬರೀ ಅಂದಾಜು ಎಂದು ಮೊದಲು ಇಟ್ಟುಕೊಳ್ಳಬೇಕು. ಇದೇ ಶೂನ್ಯ ಊಹೆ. ಅಂದಾಜಿನಲ್ಲಿ ಎಲ್ಲಾ ಸರಿಯಾಗೋದು 70ಕ್ಕೆ ಒಂದು ಸಲ. ಹಾಗಾದರೆ ಆ ಊಹೆ ಬಿಡಬಹುದು. ರುಚಿ ಗೊತ್ತಾಗುತ್ತೆ ಅನ್ನೋದು ಪರ್ಯಾಯ ಊಹೆ. ಪರ್ಯಾಯವನ್ನೂ ಮೊದಲೇ ಬರೆಯಬೇಕೆಂದವರು ನೇಮನ್ ಮತ್ತು ಪಿಯರ್ಸನ್. ಫಿಶರಿಗೂ ಅವರಿಗೂ ಆಗುತ್ತಿರಲಿಲ್ಲ.

ನಮ್ಮಜ್ಜಿ ಬಾವಿ ನೀರು, ಬೋರ್‌ವೆಲ್ ನೀರು ಕುಡಿದೇ ಹೇಳ್ತೀನಿ ಅಂತಾಳೆ. ನಾನು ನಾಣ್ಯ ಚಿಮ್ಮಿ, ಬಿದ್ದ ಹಾಗೆ 10 ಲೋಟ ತುಂಬಿಸಿದೆ. ಶೂನ್ಯ ಊಹೆ: ಸರಿಯಾಗೋ ಪ್ರಮಾಣ ಅರ್ಧ. ಪರ್ಯಾಯ: ಅರ್ಧಕ್ಕಿಂತ ಹೆಚ್ಚು. 9 ಸರಿಯಾದರೆ ಅಜ್ಜಿ ಗೆದ್ದಳು ಅಂತ ಮೊದಲೇ ಬರೆದಿಟ್ಟೆ. ಯಾಕೆಂದರೆ ಅಂದಾಜಿನಲ್ಲಿ 9 ಅಥವಾ 10 ಬರೋದು 1024ಕ್ಕೆ 11 ಸಲ ಮಾತ್ರ. ಅಜ್ಜಿ 7 ಹೇಳಿದಳು. ತಮ್ಮ, 7 ಸಾಕು ಅಂತ ತಿದ್ದು ಅಂದ. ಫಲ ನೋಡಿದ ಮೇಲೆ ಗೆರೆ ಸರಿಸೋದು ಮೋಸ ಅಲ್ವಾ? 7 ಅಥವಾ ಹೆಚ್ಚು ಅಂದಾಜಿನಲ್ಲೇ 176 ಸಲ ಬರುತ್ತೆ. ಆದರೆ ಅಜ್ಜಿಗೆ ಗೊತ್ತಾಗೋಲ್ಲ ಅಂತಲೂ ಸಾಬೀತಾಗಲಿಲ್ಲ.

ಫಿಶರ್ ಎಲ್ಲದರಲ್ಲೂ ಸರಿ ಇರಲಿಲ್ಲ. ಸಿಗರೇಟಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತೆ ಅನ್ನೋದನ್ನು ಒಪ್ಪಲೇ ಇಲ್ಲ. ತಾವೇ ಪೈಪು ಸೇದುತ್ತಿದ್ದರು! 1962ರ ಜುಲೈ 29ರಂದು ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ತೀರಿಕೊಂಡರು.

ಅಜ್ಜಿ ಎರಡು ದಿನ ಮಾತಾಡಲಿಲ್ಲ. ಈಗ 20 ಲೋಟ ಇಡು ಅಂತಿದ್ದಾಳೆ.