ಬಿಸಿಲನ್ನು ಅರಿತ ವಲಸಿಗ

ಬರ್ಲಿನ್ನಿನಲ್ಲಿ 1908ರಲ್ಲಿ ಜನಿಸಿದ ವಾಸ್ತುಶಿಲ್ಪಿ ಓಟ್ಟೊ ಕೋನಿಗ್ಸ್‌ಬರ್ಗರ್, ಯೆಹೂದಿ ಮೂಲದವರೆಂಬ ಕಾರಣಕ್ಕೆ 1933ರಲ್ಲಿ ನಾಜಿ ಆಡಳಿತದಡಿ ನೌಕರಿ ಕಳೆದುಕೊಂಡರು. ಈಜಿಪ್ಟಿನಲ್ಲಿ ಆಶ್ರಯ ಪಡೆದಿದ್ದ ಅವರಿಗೆ 1939ರಲ್ಲಿ ಮೈಸೂರು ಸಂಸ್ಥಾನ ಮುಖ್ಯ ವಾಸ್ತುಶಿಲ್ಪಿಯ ಹುದ್ದೆ ನೀಡಿತು. ಆಗ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರದೂ ಇರಾನಿನಿಂದ ಬಂದು ಬೆಂಗಳೂರಿನಲ್ಲಿ ನೆಲೆಸಿದ ಮನೆತನ.

ಭಾರತೀಯ ವಿಜ್ಞಾನ ಸಂಸ್ಥೆಗೆ ಕಟ್ಟಡಗಳನ್ನು ವಿನ್ಯಾಸಗೊಳಿಸುವಾಗ ಕೋನಿಗ್ಸ್‌ಬರ್ಗರ್ ಬಿಸಿಲು, ಗಾಳಿಗಳ ದಿಕ್ಕಿಗೆ ಮಹತ್ವ ಕೊಟ್ಟರು. 1948ರಲ್ಲಿ ಭುವನೇಶ್ವರದ ನಗರ ಯೋಜನೆ ರೂಪಿಸಿದರು. 1951ರಲ್ಲಿ ಲಂಡನ್ನಿಗೆ ತೆರಳಿ, ಇಲ್ಲಿ ಕಲಿತದ್ದನ್ನೇ ಉಷ್ಣವಲಯದ ವಾಸ್ತುಶಿಲ್ಪವೆಂದು ಜಗತ್ತಿಗೆ ಬೋಧಿಸಿ, 1999ರಲ್ಲಿ ನಿಧನರಾದರು.

ಸರ್ಕಾರಿ ಸೇವೆಯಲ್ಲಿ ನಾನು ನೋಡಿದ ಕಟ್ಟಡಗಳ ಅಂದಾಜುಪಟ್ಟಿಗಳಲ್ಲಿ ನೆರಳಿನ ಲೆಕ್ಕವೇ ಇರುತ್ತಿರಲಿಲ್ಲ. ನಮ್ಮ ಬ್ಯಾಡಗಿಯಂಥ ಬಿಸಿಲೂರಿನಲ್ಲಿ ಆ ಉಳಿತಾಯ ವರ್ಷವರ್ಷವೂ ವಿದ್ಯುತ್ ವೆಚ್ಚವಾಗಿ ಮರಳುತ್ತದೆ. ಪರದೇಶಿಯೊಬ್ಬರು ನಮ್ಮ ನೆಲದಲ್ಲೇ ಕಲಿತ ಪಾಠವನ್ನು ನಾವು ಇನ್ನಾದರೂ ಕಲಿಯಬೇಕು.