ಕೂಪರ್ ಕವಿಯ ಕತ್ತಲೆ

ಕ್ರಿಸ್ತನಲ್ಲಿ ವಿಶ್ವಾಸವಿಟ್ಟು ರಕ್ಷಣೆ ಹೊಂದಿದವನು ಅದನ್ನು ಮುಂದೆ ಕಳೆದುಕೊಳ್ಳಬಹುದೋ ಎಂಬ ಪ್ರಶ್ನೆಯು ಸಭೆಯಲ್ಲಿ ಬಹುಕಾಲದಿಂದ ಚರ್ಚಿಸಲ್ಪಡುತ್ತ ಬಂದಿದೆ. ಯೋಹಾನನ ಸುವಾರ್ತೆಯ 10ನೆಯ ಅಧ್ಯಾಯವನ್ನು ಆಧಾರ ಮಾಡಿಕೊಂಡು ಕೆಲವರು ಕಳೆದುಕೊಳ್ಳಲಾರನೆಂದೂ, ಇಬ್ರಿಯರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯವನ್ನು ತೋರಿಸಿ ಇತರರು ಕಳೆದುಕೊಳ್ಳಬಹುದೆಂದೂ ಹೇಳುವರು. ಈ ವಿಷಯದಲ್ಲಿ 27 ವರುಷ ಸಂಕಟಪಟ್ಟ ಆಂಗ್ಲ ಕವಿ ವಿಲಿಯಂ ಕೂಪರನ ಚರಿತ್ರೆಯನ್ನು ನಮ್ಮ ಸೋದರಿಯರಿಗೂ ಅವರ ತಾಯಿತಂದೆಗಳಿಗೂ ಸಂಕ್ಷೇಪವಾಗಿ ತಿಳಿಸಲಪೇಕ್ಷಿಸುತ್ತೇವೆ.

ಕೂಪರನು 1731ರಲ್ಲಿ ಇಂಗ್ಲೆಂಡಿನ ಬರ್ಕ್‌ಹ್ಯಾಮ್‌ಸ್ಟೆಡ್ ಎಂಬ ಊರಿನ ಸಭಾಪಾಲಕನ ಮಗನಾಗಿ ಜನಿಸಿದನು. 1737ರಲ್ಲಿ ತಾಯಿಯು ತೀರಿಹೋದಳು. ಬಾಲ್ಯದಿಂದಲೂ ಅಂಜುವ ಸ್ವಭಾವದವನಾಗಿದ್ದ ಆತನು ನ್ಯಾಯಶಾಸ್ತ್ರವನ್ನು ಓದಿದನು. 1763ರಲ್ಲಿ ಪ್ರಭುಗಳ ಸಭೆಯಲ್ಲಿ ಉದ್ಯೋಗವೊಂದು ದೊರೆಯುವಂತಿರಲು, ಅದಕ್ಕಾಗಿ ಕೊಡಬೇಕಾಗಿದ್ದ ಪರೀಕ್ಷೆಯ ಭೀತಿಯಿಂದ ಬುದ್ಧಿಯು ಕದಡಿ, ತನ್ನ ಪ್ರಾಣವನ್ನು ತಾನೇ ತೆಗೆದುಕೊಳ್ಳಲು ಯತ್ನಿಸಿದನು. ಸೇಂಟ್ ಆಲ್ಬನ್ಸ್ ಪಟ್ಟಣದಲ್ಲಿ ಡಾಕ್ಟರ್ ಕಾಟನರು ಆತನಿಗೆ ಚಿಕಿತ್ಸೆಮಾಡಿದರು. ಅಲ್ಲಿ 1764ರಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯವನ್ನು ಓದುತ್ತಿರುವಾಗ ಆತನಿಗೆ ಪಾಪಕ್ಷಮೆಯ ನಿಶ್ಚಯವೂ ಸಮಾಧಾನವೂ ಉಂಟಾದವು.

ತರುವಾಯ ಮೇರಿ ಅನ್ವಿನಳ ಕುಟುಂಬವು ಆತನನ್ನು ತಮ್ಮವನನ್ನಾಗಿ ಸೇರಿಸಿಕೊಂಡಿತು. ಆಕೆಯು ವಿಧವೆಯಾದ ಮೇಲೆ, 1767ರಲ್ಲಿ, ಬೋಧಕನಾದ ಜಾನ್ ನ್ಯೂಟನನ ಕರೆಯಂತೆ ಅವರು ಓಲ್ನಿ ಎಂಬ ಊರಿಗೆ ಬಂದರು. ಅಲ್ಲಿ ನ್ಯೂಟನನೂ ಕೂಪರನೂ ಕೂಡಿ ಗೀತೆಗಳನ್ನು ರಚಿಸತೊಡಗಿದರು.

1773ರಲ್ಲಿ ಕತ್ತಲೆಯು ಮರಳಿ ಕವಿಯಿತು. ಭಯಂಕರವಾದ ಒಂದು ಸ್ವಪ್ನವನ್ನು ಕಂಡ ಕೂಪರನು, ದೇವರು ತನ್ನನ್ನು ಎಂದೆಂದಿಗೂ ತಳ್ಳಿಬಿಟ್ಟನೆಂದು ನಂಬಿ, ದೇವಾಲಯಕ್ಕೆ ಹೋಗುವುದನ್ನೇ ಬಿಟ್ಟನು. ದೇವರು ತನ್ನವರನ್ನು ಕೈಬಿಡನೆಂಬುದು ನ್ಯೂಟನನ ಉಪದೇಶ. ಕೂಪರನೂ ಅದನ್ನು ಒಪ್ಪಿದ್ದನು. ಆದರೆ ತಾನೊಬ್ಬನು ಮಾತ್ರ ಅದಕ್ಕೆ ಹೊರಗಾದವನೆಂದು ಎಣಿಸಿದನು. ವಿಶ್ವಾಸಿಯು ಬೀಳಬಹುದೆಂದು 1751ರಲ್ಲಿ ಬರೆದ ಜಾನ್ ವೆಸ್ಲಿಯಾದರೋ, ಬಿದ್ದವರು ಮರಳಿ ಬರಬಹುದೆಂದೂ ಬೋಧಿಸಿದನು. ಹೀಗೆ ಎರಡು ಪಕ್ಷದವರ ಉಪದೇಶದಲ್ಲಿಯೂ ಕೂಪರನ ನಿರಾಶೆಗೆ ಆಧಾರವಿರಲಿಲ್ಲ. ಅದು ಮನೋವ್ಯಾಧಿಯಿಂದ ಹುಟ್ಟಿದ್ದೆಂದು ಇಂದು ತಿಳಿದವರು ಹೇಳುತ್ತಾರೆ.

ವಾದದಿಂದ ಆಗದಿದ್ದ ಉಪಕಾರವು ಪ್ರೀತಿಯಿಂದ ಆಯಿತು. ನ್ಯೂಟನನು ಆತನನ್ನು ವರುಷಕ್ಕೂ ಮಿಕ್ಕಿ ತನ್ನ ಮನೆಯಲ್ಲಿಯೇ ಇರಿಸಿಕೊಂಡನು. ಮೇರಿ ಅನ್ವಿನಳು ಹಗಲಿರುಳು ಆರೈಕೆಮಾಡಿದಳು. ಕೂಪರನು ಮೊಲಗಳನ್ನು ಸಾಕಿದನು, ತೋಟಮಾಡಿದನು, ಕವಿತೆಗಳನ್ನು ಬರೆದನು. 1779ರಲ್ಲಿ ಪ್ರಕಟವಾದ ಓಲ್ನಿಯ ಗೀತಸಂಗ್ರಹದ 348 ಗೀತೆಗಳಲ್ಲಿ ಅರುವತ್ತಕ್ಕೂ ಹೆಚ್ಚು ಆತನವು. 1788ರಲ್ಲಿ ಗುಲಾಮರ ವ್ಯಾಪಾರವನ್ನು ಖಂಡಿಸಿ ಪದ್ಯಗಳನ್ನು ಬರೆದನು. ಮೇರಿಯು ಪಾರ್ಶ್ವವಾಯುವಿನಿಂದ ಬಿದ್ದಾಗ ತಾನೇ ಆಕೆಯನ್ನು ಉಪಚರಿಸಿದನು. ಆಕೆಯು 1796ರಲ್ಲಿ ತೀರಿಹೋದಳು. ಕೂಪರನು 1800ನೆಯ ಏಪ್ರಿಲ್ 25ರಂದು ಈಸ್ಟ್ ಡೀರಮ್ ಪಟ್ಟಣದಲ್ಲಿ, ನಿರಾಶೆಯು ನೀಗದೆಯೇ, ಮರಣಹೊಂದಿದನು.

ಈತನ ರಕ್ಷಣೆಯು ಕಳೆದುಹೋಗಿತ್ತೆಂದು ಹೇಳಲು ನಾವು ಯಾರು? ರಕ್ಷಣೆಯ ನಿಶ್ಚಯವನ್ನು ಕಳೆದುಕೊಳ್ಳುವುದು ಬೇರೆ, ರಕ್ಷಣೆಯನ್ನೇ ಕಳೆದುಕೊಳ್ಳುವುದು ಬೇರೆ. ಆತನ ಗೀತೆಗಳು ಇಂದಿಗೂ ಅನೇಕ ದೇಶಗಳಲ್ಲಿ ದುಃಖಿತರನ್ನು ಸಂತೈಸುತ್ತಿವೆ. ನಮ್ಮ ಮನೆಗಳಲ್ಲಿ ಯಾರಾದರೂ ದೇವರು ತಮ್ಮನ್ನು ಬಿಟ್ಟನೆಂದು ಕೊರಗುತ್ತಿದ್ದರೆ, ಅವರ ವಿಶ್ವಾಸವನ್ನು ಅಳೆಯುವ ಕೆಲಸವು ನಮಗೆ ಬೇಡ. ವೈದ್ಯರ ಸಹಾಯವನ್ನು ದೊರಕಿಸಿ, ಮೇರಿ ಅನ್ವಿನಳಂತೆ ಅವರ ಬಳಿಯಲ್ಲಿ ಕುಳಿತಿರೋಣ.