ಅಪ್ಪ ಬರೆದ 33 ಪುಟ ಓದಿದ ಡಾಕ್ಟರ್

ಎರಡು ವರ್ಷವಾದರೂ ಮಗು ಮಾತಾಡುತ್ತಿಲ್ಲ ಅಂದರೆ ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಸಿಗುವ ಸಮಾಧಾನ ಒಂದೆರಡಲ್ಲ. ಗಂಡುಮಕ್ಕಳಿಗೆ ಮಾತು ತಡ, ಅವರಪ್ಪನೂ ಹಾಗೇ ಇದ್ದ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಉರ್ದು, ಪಕ್ಕದ ಮನೆಯಲ್ಲಿ ತಮಿಳು ಕೇಳಿ ಮಗುವಿಗೆ ಗಲಿಬಿಲಿ. ಕೊನೆಗೆ ದೂರು ತಾಯಿಯ ಮೇಲೆ: ಇವಳು ಮಗುವನ್ನ ಸರಿಯಾಗಿ ಮಾತಾಡಿಸೋದೇ ಇಲ್ಲ. ಈ ದೂರಿಗೆ ಒಂದು ಕಾಲದಲ್ಲಿ ವೈದ್ಯಕೀಯದ ಮುದ್ರೆಯೂ ಇತ್ತು. ಅದನ್ನು ಒತ್ತಿದವರಲ್ಲಿ ಆಟಿಸಂ, ಅಂದರೆ ಸ್ವಲೀನತೆಯನ್ನು ಪ್ರತ್ಯೇಕ ಸ್ಥಿತಿಯೆಂದು ಜಗತ್ತಿಗೆ ಪರಿಚಯಿಸಿದ ಲಿಯೋ ಕ್ಯಾನರ್ ಕೂಡ ಒಬ್ಬರು.

ಕ್ಯಾನರ್ ಹುಟ್ಟಿದ್ದು 1894ರಲ್ಲಿ, ಈಗ ಉಕ್ರೇನಿಗೆ ಸೇರಿದ ಹಳ್ಳಿಯೊಂದರ ಯಹೂದಿ ಕುಟುಂಬದಲ್ಲಿ. ಬರ್ಲಿನ್‌ನಲ್ಲಿ ವೈದ್ಯಕೀಯ ಓದಿ 1924ರಲ್ಲಿ ಅಮೆರಿಕಕ್ಕೆ ಹೋದರು. 1930ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ಕ್ಲಿನಿಕ್ ಕಟ್ಟಿದರು.

1938ರಲ್ಲಿ ಅಲ್ಲಿಗೆ ಮಿಸಿಸಿಪ್ಪಿಯಿಂದ ಐದು ವರ್ಷದ ಡೊನಾಲ್ಡ್ ಟ್ರಿಪ್ಲೆಟ್‌ನನ್ನು ಕರೆತಂದರು. ಅವನ ಅಪ್ಪ ವಕೀಲ. ಮಗನ ಬಗ್ಗೆ 33 ಪುಟದ ಪತ್ರ ಮೊದಲೇ ಕಳಿಸಿದ್ದರು. ವರ್ಷ ತುಂಬುವಾಗಲೇ ಹಾಡಿನ ರಾಗ ತಪ್ಪದೆ ಗುನುಗುತ್ತಿದ್ದ. ಅಪ್ಪ ಮನೆಗೆ ಬಂದರೆ ತಿರುಗಿಯೂ ನೋಡುತ್ತಿರಲಿಲ್ಲ. ಬಾಣಲೆ ಗಿರಗಿರ ತಿರುಗಿಸಿದರೆ ಎಲ್ಲಿಲ್ಲದ ಖುಷಿ. ತನ್ನನ್ನು ನಾನು ಅನ್ನದೆ ನೀನು ಅನ್ನುತ್ತಿದ್ದ. ಎಂಜಿನಿಯರಿಂಗ್ ಓದಿದ ನನಗೆ ಇದು ಲಾಗ್ ಫೈಲ್ ಥರ ಕಾಣುತ್ತೆ. ಮನೆಯವರಷ್ಟು ಹೊತ್ತು ಮಗುವನ್ನು ನೋಡುವವರು ಇನ್ಯಾರಿದ್ದಾರೆ ಹೇಳಿ? ಕ್ಯಾನರ್ ಅದನ್ನು ಪಕ್ಕಕ್ಕೆ ಎಸೆಯದೆ ಓದಿದರು, ಅದೇ ಅವರ ದೊಡ್ಡತನ.

1943ರಲ್ಲಿ ಅವರು 11 ಮಕ್ಕಳ ಬಗ್ಗೆ ಬರೆದರು; 8 ಗಂಡು, 3 ಹೆಣ್ಣು. ಎತ್ತಿಕೊಳ್ಳಲು ಹೋದರೆ ಎಲ್ಲ ಕೂಸುಗಳೂ ಮೈ ಮುಂದೆ ಮಾಡುತ್ತವೆ, ಇವು ಹಾಗೆ ಮಾಡುತ್ತಿರಲಿಲ್ಲ ಎಂದು ತಾಯಂದಿರು ನೆನಪಿಸಿಕೊಂಡಿದ್ದರು. ಕೆಲವರಿಗೆ ಕಿವಿ ಕೇಳಿಸದು ಅಂತಲೇ ಮನೆಯವರು ನಂಬಿದ್ದರು.

ಇವತ್ತು ಡಾಕ್ಟರುಗಳು ನೋಡುವುದೂ ಇಂಥವನ್ನೇ. ವರ್ಷ ತುಂಬಿದರೂ ಹೆಸರು ಕರೆದರೆ ತಿರುಗದಿರುವುದು, ಒಂದೂವರೆ ವರ್ಷವಾದರೂ ಚಂದಮಾಮನನ್ನೋ ನಾಯಿಯನ್ನೋ ಬೆರಳು ತೋರಿಸಿ ನಮಗೂ ನೋಡು ಅನ್ನದಿರುವುದು, ಬಂದಿದ್ದ ಮಾತು ಹೋಗುವುದು. ಒಂದು ಲಕ್ಷಣ ಕಂಡ ಮಾತ್ರಕ್ಕೆ ಆಟಿಸಂ ಅಲ್ಲ, ಆದರೆ ತೋರಿಸಲು ಅಷ್ಟು ಸಾಕು. ಅಂದಹಾಗೆ, ಮನೆಯಲ್ಲಿ ಮೂರು ಭಾಷೆ ಇದ್ದರೆ ಆಟಿಸಂ ಬರುವುದಿಲ್ಲ. ಲಷ್ಕರ್ ಮೊಹಲ್ಲಾದವರು ದೂರದೂರಿಗೆ ಹೋಗಬೇಕಿಲ್ಲ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಊರಿನ ಮಾನಸಗಂಗೋತ್ರಿಯಲ್ಲಿದೆ. ಕಿವಿಯ ಪರೀಕ್ಷೆ, ಮಾತಿನ ಪರೀಕ್ಷೆ ಎರಡೂ ಅಲ್ಲೇ ಆಗುತ್ತವೆ.

ಇನ್ನು ಆ ಮುದ್ರೆಯ ವಿಷಯ. 1941ರಲ್ಲಿ ತಾಯಂದಿರ ಪರವಾಗಿ ಪುಸ್ತಕವನ್ನೇ ಬರೆದಿದ್ದ, ಇದು ಹುಟ್ಟಿನಿಂದಲೇ ಬಂದದ್ದೆಂದು 1943ರಲ್ಲಿ ಹೇಳಿದ್ದ ಮನುಷ್ಯ, 1949ರ ಹೊತ್ತಿಗೆ ಹೆತ್ತವರ ತಣ್ಣನೆಯ ಸ್ವಭಾವವನ್ನು ಫ್ರಿಜ್‌ಗೆ ಹೋಲಿಸಿದರು. ಉಳಿದವರು ಅದನ್ನು ಇನ್ನೂ ಬೆಳೆಸಿದರು. ಎಷ್ಟೋ ಅಮ್ಮಂದಿರು ಮಗುವಿನ ಸ್ಥಿತಿಗೆ ತಾವೇ ಕಾರಣ ಅಂದುಕೊಂಡು ಬದುಕಿದರು. 1969ರಲ್ಲಿ ಪೋಷಕರ ಸಮ್ಮೇಳನದಲ್ಲಿ ಕ್ಯಾನರ್ ಎದ್ದು ನಿಂತು ಅವರನ್ನು ದೋಷಮುಕ್ತರೆಂದು ಘೋಷಿಸಿದರು. ತುಂಬಾ ತಡ, ನಿಜ.

1971ರಲ್ಲಿ ಅವರು ಆ 11 ಮಕ್ಕಳು ಏನಾದರೆಂದು ಮತ್ತೆ ಹುಡುಕಿ ಬರೆದರು. ಸರ್ಕಾರಿ ಆಶ್ರಯ ಸಂಸ್ಥೆಗಳಿಗೆ ಸೇರಿದವರು ಇದ್ದ ಸಾಮರ್ಥ್ಯವನ್ನೂ ಕಳೆದುಕೊಂಡಿದ್ದರು. ಡೊನಾಲ್ಡ್ ಮಾತ್ರ ತನ್ನೂರಿನ ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ. ಕ್ಯಾನರ್ 1981ರಲ್ಲಿ ತೀರಿಕೊಂಡರು. ಡೊನಾಲ್ಡ್ 2023ರಲ್ಲಿ, 89ನೇ ವಯಸ್ಸಿನಲ್ಲಿ.